ತೋಕ್‌ಪೂಗೆ ಜಾಗ ಹುಡುಕಿದ್ದು: ಒಂದು .22 ರೈಫಲ್ ಸ್ಟಾಕಿನ ಪ್ರಕರಣ

ಹುತ್ತರಿ ಮುಗಿದ ಮೂರನೇ ದಿನ ಬೆಳಿಗ್ಗೆ ನಮ್ಮ ಶೆಡ್ಡಿನ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು, ಜೊತೆಗೆ ಅವರ ಮೊಮ್ಮಗಳು. ಅವರ ಕೈಯಲ್ಲಿ ಕಂಬಳಿ ಸುತ್ತಿದ ಕೋವಿ. ವಿರಾಜಪೇಟೆ ಕಡೆ ಮರಗೆಲಸ ಮಾಡುವ ನನಗೆ ಇದು ಹೊಸದಲ್ಲ. ಬಾಗಿಲು, ಕಿಟಕಿ, ಮಂಚ ನನ್ನ ದಿನದ ಕೆಲಸ. ವರ್ಷಕ್ಕೆ ನಾಲ್ಕೋ ಐದೋ ಕೋವಿಯ ಸ್ಟಾಕುಗಳೂ, ಅಂದರೆ ಕೋವಿಯನ್ನು ಹಿಡಿದು ಭುಜಕ್ಕಿಡುವ ಮರದ ಭಾಗಗಳೂ, ಬರುತ್ತವೆ. ಅವುಗಳಲ್ಲಿ ನಾನು ಜಾಸ್ತಿ ಕಲಿತದ್ದು ಈ ಒಂದರಿಂದ. ದೊಡ್ಡ ತಪ್ಪು ಮಾಡಿದ್ದೂ ಇದರಲ್ಲೇ. ಅದಕ್ಕೇ ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ. ಮನೆಯ ಹೆಸರು, ಊರು ಹಾಕುವುದು ಬೇಡ ಅಂದಿದ್ದಾರೆ, ಹಾಕಿಲ್ಲ.

ಕಂಬಳಿ ಬಿಚ್ಚಿದಾಗ

ಅದೊಂದು .22 ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಬೋಲ್ಟನ್ನು ಕೈಯಿಂದ ಎಳೆದು ಗುಂಡು ಏರಿಸುವ ಸಣ್ಣ ಗುಂಡಿನ ಕೋವಿ. ಸುಬೇದಾರರ ತಂದೆ ಕೊಂಡದ್ದು. ನಳಿಗೆ, ಬೋಲ್ಟು ಎಲ್ಲ ಇನ್ನೂ ಗಟ್ಟಿಯಾಗಿದ್ದವು. ಮುರಿದಿದ್ದು ಮರ, ಅದೂ ಕತ್ತಿನಲ್ಲಿ. ಟ್ರಿಗರಿನ ಹಿಂದೆ ಬಲಗೈ ಸುತ್ತಿ ಹಿಡಿಯುವ ಸಪೂರ ಜಾಗಕ್ಕೆ ನಾನು ಕತ್ತು ಅನ್ನುತ್ತೇನೆ. ಇಡೀ ಸ್ಟಾಕಿನಲ್ಲಿ ಅಷ್ಟು ಬಲಹೀನ ಜಾಗ ಇನ್ನೊಂದಿಲ್ಲ. ಕೋವಿ ಬಿದ್ದರೆ ಮುರಿಯುವುದು ಅಲ್ಲೇ. ಇದು ಅಟ್ಟದಿಂದ ಇಳಿಸುವಾಗ ಜಾರಿ ಬಿದ್ದಿತ್ತಂತೆ.

ಹಿಂದೆ ಯಾರೋ ಎರಡು ಕಬ್ಬಿಣದ ಮೊಳೆ ಹೊಡೆದು, ಮೇಲೆ ತಾಮ್ರದ ತಂತಿ ಸುತ್ತಿದ್ದರು. ಮರ ಅಕ್ರೋಟ್, ಅಂದರೆ ವಾಲ್‌ನಟ್. ಈ ಮರದಲ್ಲಿ ಒಗರು ಇರುತ್ತದೆ. ಒಗರಿಗೆ ಕಬ್ಬಿಣವೂ ನೀರೂ ಸೇರಿದರೆ ಶಾಯಿಯ ಹಾಗೆ ಕಪ್ಪಾಗುತ್ತದೆ. ಮೊಳೆಯ ಸುತ್ತ ಒಂದು ರೂಪಾಯಿ ನಾಣ್ಯದಗಲ ಮರ ಕಪ್ಪಾಗಿತ್ತು. ಉಗುರು ಒತ್ತಿದರೆ ಒಳಗೆ ಹೋಗುತ್ತಿತ್ತು.

“ಆಚಾರ್ರೆ, ಅಂಟು ಹಾಕಿ ಕೂರಿಸಿದ್ರೆ ಆಗುತ್ತಾ?” ಅಂತ ಸುಬೇದಾರರು ಕೇಳಿದರು.

“ಗೋಡೆಗೆ ನೇತು ಹಾಕೋಕಾದ್ರೆ ಆಗುತ್ತೆ ಸಾಹೇಬ್ರೆ. ಭುಜಕ್ಕಿಟ್ಟು ಈಡು ಹೊಡೆಯೋಕೆ ಆಗಲ್ಲ.”

ಅವರು ಸುಮ್ಮನಾದರು. ಮೊಮ್ಮಗಳು ಮಾತಾಡಿದಳು. ಕೈಲ್‌ಪೊಳ್ದ್ ಹಬ್ಬ ಬಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅವಳು ತಪ್ಪದೆ ಹೋಗುತ್ತಾಳೆ. ಇಷ್ಟು ದಿನ ಬೇರೆಯವರ ಕೋವಿಯಲ್ಲಿ ಹೊಡೆಯುತ್ತಿದ್ದಳು. “ಆಚಾರಣ್ಣ, ಹೊಸದೇ ಮಾಡಿ. ನನ್ನ ಕೈಗೆ ಸರಿಯಾಗೋ ಹಾಗೆ ಮಾಡಿ. ಅದರ ಮೇಲೆ ತೋಕ್‌ಪೂ ಕೆತ್ತಿಕೊಡಿ.”

ಒಂದೇ ಉಸಿರಿನಲ್ಲಿ ಎರಡು ಬೇಡಿಕೆ ಇಟ್ಟಿದ್ದಳು. ಕೈಗೆ ಸರಿಯಾಗಬೇಕು, ಹೂವೂ ಇರಬೇಕು. ಈ ಎರಡೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ ಅಂತ ಆವತ್ತು ನನಗೆ ಹೊಳೆಯಲಿಲ್ಲ.

ಕೊಡಗಿನ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ತೋಕ್ ಅಂದರೆ ಕೊಡವರ ಭಾಷೆ ಕೊಡವ ತಕ್ಕ್‌ನಲ್ಲಿ ಕೋವಿ, ಪೂ ಅಂದರೆ ಹೂವು. ಬೇರೆ ಕಡೆ ಗೌರಿ ಹೂ, ಅಗ್ನಿಶಿಖೆ ಅನ್ನುತ್ತಾರಲ್ಲ, ಅದೇ. ಆರು ಎಸಳು, ಬುಡ ಹಳದಿ, ತುದಿ ಕೆಂಪು, ಅಂಚೆಲ್ಲ ಅಲೆ ಅಲೆ. ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿ ಹತ್ತಿದ ಹಾಗೆ ಅರಳುತ್ತದೆ. ನಾಟಿ ಕೆಲಸ ಮುಗಿದ ಮೇಲೆ, ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ, ಕೈಲ್‌ಪೊಳ್ದ್ ಬರುತ್ತದೆ. ಆವತ್ತು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಕನ್ನಿಕೊಂಬರೆ ಅನ್ನುವ ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡಿ, ನಳಿಗೆಯ ತುದಿಗೆ ಈ ಹೂವು ಸಿಗಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು. ಆ ಮನೆಯಲ್ಲಿ ಕೋವಿ ಬೇಟೆಯ ಸಾಮಾನಲ್ಲ, ಮನೆಯ ಒಬ್ಬ ಹಿರಿಯನ ಹಾಗೆ. ಅದರ ಮೇಲೆ ಉಳಿ ಇಡುವವನು ಇದನ್ನು ತಿಳಿದಿರಬೇಕು.

ಕಾಗದಪತ್ರದ ವಿಷಯ ಎರಡೇ ಮಾತು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ನಾನು ಮುಟ್ಟುವುದು ಮರ ಮಾತ್ರ. ಕಬ್ಬಿಣದ ಕೆಲಸವೆಲ್ಲ ಲೈಸೆನ್ಸ್ ಇರುವ ಕೋವಿ ರಿಪೇರಿಯವರದ್ದು. ಬೋಲ್ಟು ಸುಬೇದಾರರ ಮನೆಯಲ್ಲೇ ಇರುತ್ತಿತ್ತು. ಕೂರಿಸಿ ನೋಡುವ ದಿನ ಅವರೇ ನಳಿಗೆ ತಂದು, ಬೆಂಚಿನ ಪಕ್ಕ ಕೂತಿದ್ದು, ಸಂಜೆ ವಾಪಸ್ ಒಯ್ಯುತ್ತಿದ್ದರು.

ಅಳತೆ

ಮೊದಲು ಅವಳ ಅಳತೆ ತೆಗೆದುಕೊಂಡೆ. ಭುಜಕ್ಕೆ ಒರಗುವ ಹಿಂದಿನ ದಪ್ಪ ಮರಕ್ಕೆ ಬಟ್ಟು ಅನ್ನುತ್ತಾರೆ. ಟ್ರಿಗರಿನಿಂದ ಬಟ್ಟಿನ ಹಿಂಬದಿಯ ನಡುವಿನವರೆಗೆ ಎಷ್ಟು ಉದ್ದ ಅನ್ನುವುದೇ ಮುಖ್ಯ. ಹಳೆಯದು 14 ಇಂಚು ಇತ್ತು. ಆರಡಿ ಮನುಷ್ಯನಿಗೆ ಸರಿ. ಇವಳು ಅದನ್ನು ಎತ್ತಿದರೆ ಬಟ್ಟು ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಟೇಪಿಗಿಂತ ನಾನು ನಂಬುವುದು ಇನ್ನೊಂದು ಪರೀಕ್ಷೆಯನ್ನು. ಖಾಲಿ ಕೋವಿಯನ್ನು ಕಣ್ಣು ಮುಚ್ಚಿಕೊಂಡು ಭುಜಕ್ಕೆ ಏರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಬೇಕು. ನಳಿಗೆಯ ಮೇಲಿನ ಗುರಿಕಟ್ಟು ನೇರ ಕಣ್ಣೆದುರಿಗೇ ಬಂದಿರಬೇಕು. ಕತ್ತು ಬಗ್ಗಿಸಿ ಹುಡುಕುವ ಹಾಗಿದ್ದರೆ ಮರ ತಪ್ಪಾಗಿದೆ ಅಂತಲೇ ಅರ್ಥ. ಅಕೇಶಿಯಾ ಹಲಗೆಯಲ್ಲಿ ಒಂದು ಒರಟು ಮಾದರಿ ಮಾಡಿ, ಹಿಂದೆ ಪ್ಲೈವುಡ್ ತುಂಡು ಸೇರಿಸಿ ತೆಗೆದು ನೋಡಿದೆವು. 13 ಇಂಚಿಗೆ ನಿಂತಿತು. ಕೆನ್ನೆ ಒರಗುವ ಏರು ಹಳೆಯದಕ್ಕಿಂತ ಎರಡು ನೂಲು ಮೇಲೆ ಬಂತು. ನಮ್ಮ ಲೆಕ್ಕದಲ್ಲಿ ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ.

ಯಾವ ಮರ

ಸುಬೇದಾರರಿಗೆ ಬೀಟೆ ಮರದ ಮೇಲೆ ಆಸೆ. ಅವರ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಹಳೆ ಮಂಚವೊಂದು ಬೀಟೆಯದ್ದು, ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದರು. “ಅದನ್ನೇ ಕೊಯ್ದು ಮಾಡಿ” ಅಂದರು. ಬೀಟೆ ನನಗೂ ಇಷ್ಟ, ಅದರ ಕಪ್ಪು ನೇರಳೆ ಎಳೆ ನೋಡಿದರೆ ಯಾರಿಗೆ ಇಷ್ಟ ಆಗಲ್ಲ? ಆದರೆ ತೂಕ ಇದೆ. ಒಂದು ಘನ ಮೀಟರ್ ಬೀಟೆ ಸುಮಾರು 850 ಕಿಲೋ ತೂಗಿದರೆ ಅಕ್ರೋಟ್ ಸುಮಾರು 640 ಕಿಲೋ. ಒಂದೇ ಅಳತೆಯ ಸ್ಟಾಕು ಅಕ್ರೋಟಿನಲ್ಲಿ 800 ಗ್ರಾಂ ಆದರೆ ಬೀಟೆಯಲ್ಲಿ ಒಂದು ಕಿಲೋ ದಾಟುತ್ತದೆ. ನಿಂತುಕೊಂಡು ಗುರಿ ಹಿಡಿಯುವ ಹುಡುಗಿಯ ತೋಳಿಗೆ ಆ ಜಾಸ್ತಿ ಕಾಲು ಕಿಲೋ ಸುಮ್ನೆ ಬರುವುದಿಲ್ಲ, ನಡುಕ ತರುತ್ತದೆ. ತೇಗ ಹಗುರ, ಆದರೆ ಎಳೆಗುಂಟ ಬೇಗ ಸೀಳುತ್ತದೆ. ಸಪೂರ ಕತ್ತಿಗೆ ಅದನ್ನು ನಂಬುವ ಧೈರ್ಯ ನನಗಿಲ್ಲ.

ಅಕ್ರೋಟನ್ನು ಯುರೋಪಿನವರು ಕೋವಿಗೆ ಇಷ್ಟು ಕಾಲ ಬಳಸಿಕೊಂಡು ಬಂದಿದ್ದಕ್ಕೆ ಕಾರಣ ಅದರ ಅಂದ ಒಂದೇ ಅಲ್ಲ. ಹಗುರ ಇದ್ದೂ ಪೆಟ್ಟು ತಡೆಯುತ್ತದೆ. ಒಣಗಿದ ಮೇಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಉಳಿ ಇಟ್ಟರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು, ಅಂಚು ಮಾತ್ರ ಚೂಪಾಗೇ ಉಳಿಯುತ್ತದೆ. ನನ್ನ ಹತ್ತಿರ ಒಂದು ಕಾಶ್ಮೀರಿ ಅಕ್ರೋಟ್ ಹಲಗೆ ಇತ್ತು, ಎರಡೂವರೆ ಇಂಚು ದಪ್ಪದ್ದು, ಬಿಲ್ಲಿನ ಸಮೇತ ಕೊಂಡದ್ದು. ಅಲ್ಲಿ ಅಕ್ರೋಟ್ ಮರ ಕಡಿಯಲು ಅನುಮತಿ ಬೇಕು, 1969ರಿಂದ ಅದಕ್ಕೆ ಕಾನೂನೇ ಇದೆ. ಹಾಗಾಗಿ ಬಿಲ್ಲಿಲ್ಲದ ಹಲಗೆ ನಾನು ಮುಟ್ಟುವುದಿಲ್ಲ. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆ ಲೆಕ್ಕ. ಇದು ನಾಲ್ಕು ವರ್ಷದಿಂದ ಅಟ್ಟದ ಮೇಲಿತ್ತು. ಪ್ರತಿ ತಿಂಗಳು ತೂಗಿ, ತೂಕವನ್ನು ಹಲಗೆಯ ತುದಿಯಲ್ಲೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಕೊನೆಯ ಬೇಸಿಗೆಯ ಮೂರು ತಿಂಗಳೂ ಒಂದೇ ತೂಕ. ಮರ ಒಣಗಿದೆ ಅಂತ ಹೇಳಲು ನನಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಗೊತ್ತಿಲ್ಲ.

ಹಲಗೆಯಲ್ಲಿ ಸ್ಟಾಕನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದು ದಿನ ಹಿಡಿಯಿತು. ಹಳೆ ಎಕ್ಸ್‌ರೇ ಹಾಳೆ ತೊಳೆದು, ಅದನ್ನು ಸ್ಟಾಕಿನ ಆಕಾರಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಒಳಗಿನಿಂದ ಎಳೆ ಕಾಣುತ್ತದೆ. ಹಲಗೆಯ ಒಂದು ತುದಿಯಲ್ಲಿ ಕೊಂಬೆ ಕವಲೊಡೆದ ಜಾಗ ಇತ್ತು. ಅಲ್ಲಿ ಎಳೆ ನವಿಲುಗರಿಯ ಹಾಗೆ ಬಿಚ್ಚಿಕೊಂಡಿತ್ತು. ಹಾಳೆಯನ್ನು ಸ್ವಲ್ಪ ಮುಂದೆ ಜರುಗಿಸಿದರೆ ಆ ಗರಿ ನೇರ ಕತ್ತಿನ ಮೇಲೆ ಬರುತ್ತಿತ್ತು. ನೋಡಲು ತುಂಬಾ ಚೆಂದ. ಸುಬೇದಾರರು “ಇಲ್ಲೇ ಇಡಿ” ಅಂದರು. ಆದರೆ ಕವಲಿನ ಎಳೆ ನಾಲ್ಕೂ ದಿಕ್ಕಿಗೆ ಓಡುತ್ತದೆ. ಕತ್ತಿನಲ್ಲಿ ಎಳೆ ಕತ್ತಿನುದ್ದಕ್ಕೂ ಹರಿಯಬೇಕು. ಅಡ್ಡ ಬಂದರೆ ಅದು ಮರವಲ್ಲ, ಬಿಸ್ಕತ್ತು. ಹಾಳೆ ಹಿಂದಕ್ಕೆ ಎಳೆದೆ. ಗರಿಯ ಅರ್ಧ ಬಟ್ಟಿನ ಹಿಂಭಾಗಕ್ಕೆ ಬಂತು, ಇನ್ನರ್ಧ ಗರಗಸಕ್ಕೆ ಹೋಯಿತು. ಆ ತುಂಡು ಇವತ್ತಿಗೂ ಶೆಡ್ಡಿನ ಕಿಟಕಿಯಲ್ಲಿದೆ.

ಬೀಟೆಯ ಆಸೆಯನ್ನು ಪೂರ್ತಿ ಬಿಡಲಿಲ್ಲ. ಮಂಚದ ಮುರಿದ ಕಾಲಿನಿಂದ ಎರಡು ಚಿಕ್ಕ ತುಂಡು ತೆಗೆದು, ಒಂದನ್ನು ಮುಂದಿನ ಮರದ ತುದಿಗೆ, ಇನ್ನೊಂದನ್ನು ಹಿಡಿಯ ಕೆಳಗಿನ ಟೋಪಿಗೆ ಕೂರಿಸಿದೆ. ಅಕ್ರೋಟಿನ ಕಂದು ಬಣ್ಣದ ಪಕ್ಕ ಆ ಕಪ್ಪು ಚೆನ್ನಾಗಿ ಒಪ್ಪುತ್ತದೆ. ಮನೆಯ ಮಂಚ ಕೋವಿಯಲ್ಲಿ ಸೇರಿತು ಅಂತ ಅಜ್ಜನಿಗೂ ಸಮಾಧಾನ.

ಕಬ್ಬಿಣ ಕೂರಿಸುವ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ದೀಪದ ಮಸಿಗೆ ಎಣ್ಣೆ ಕಲಸಿ ಲೋಹಕ್ಕೆ ತೆಳ್ಳಗೆ ಹಚ್ಚಬೇಕು, ಮರದಲ್ಲಿ ಒತ್ತಿ ತೆಗೆಯಬೇಕು, ಕಪ್ಪು ತಗುಲಿದಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆಯಬೇಕು. ನೂರಾರು ಸಲ. ಸುಬೇದಾರರು ಐದು ಶನಿವಾರ ಹೀಗೆ ಬಂದು ಕೂತರು.

ಕತ್ತಿನ ಮೇಲೆ ಹೂವು ಕೆತ್ತಿದ್ದು

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹೂವು ಎಲ್ಲಿ ಕೆತ್ತಬೇಕು ಅಂತ ನಾನು ಅವಳನ್ನೂ ಕೇಳಲಿಲ್ಲ, ನನ್ನನ್ನೂ ಕೇಳಿಕೊಳ್ಳಲಿಲ್ಲ. ಕೋವಿ ನೋಡಿದರೆ ಕಣ್ಣು ಮೊದಲು ಹೋಗುವುದು ಕತ್ತಿನ ಮೇಲೆ, ಹಾಗಾಗಿ ಹೂವು ಅಲ್ಲೇ ಅಂತ ತೀರ್ಮಾನಿಸಿಬಿಟ್ಟೆ. ಕೆತ್ತನೆಗೆ ಮರ ಬೇಕಲ್ಲ ಅಂತ ಕತ್ತನ್ನು ದಪ್ಪ ಬಿಟ್ಟಿದ್ದೆ, ಸುತ್ತಳತೆ 5 ಇಂಚಿನ ಮೇಲೆ ಎರಡು ನೂಲು. ಎರಡೂ ಬದಿಗೆ ಒಂದೊಂದು ತೋಕ್‌ಪೂ. ಎಸಳು ಹಿಂದಕ್ಕೆ ಮಡಚಿ, ಅಂಚು ಅಲೆ ಅಲೆಯಾಗಿ, ಎಲೆಯ ತುದಿ ಸುರುಳಿ ಸುತ್ತಿ ಬಳ್ಳಿ ಹಿಡಿದ ಹಾಗೆ. ಈ ಗಿಡದ ಎಲೆಯ ತುದಿ ನಿಜವಾಗಿಯೂ ಸುರುಳಿಯಾಗಿ ಪಕ್ಕದ ಗಿಡಕ್ಕೆ ಸುತ್ತಿಕೊಳ್ಳುತ್ತದೆ. ಬೇಲಿಯಿಂದ ಒಂದು ಬಳ್ಳಿ ತಂದು ಬಾಟಲಿಯಲ್ಲಿಟ್ಟು, ಎದುರಿಗಿಟ್ಟುಕೊಂಡೇ ಕೆತ್ತಿದೆ. ಆಳ ಒಂದು ನೂಲು. ಎಸಳಿನ ಅಂಚಿನ ಅಡಿ ಖಾಲಿ ಮಾಡಿ, ಹೂವು ಮರದಿಂದ ಎದ್ದು ಬಂದ ಹಾಗೆ ಕಾಣಿಸಿದೆ. ಹದಿನಾಲ್ಕು ದಿನ ಹಿಡಿಯಿತು. ನನ್ನ ಕೈಯಿಂದ ಅಷ್ಟು ಚೆಂದದ ಹೂವು ಮೊದಲು ಬಂದಿರಲಿಲ್ಲ.

ಜುಲೈನಲ್ಲಿ ಅವಳು ಬಂದು ಕೈಗೆ ತೆಗೆದುಕೊಂಡಳು. ಮುಖ ಅರಳಿತು. ಭುಜಕ್ಕೆ ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಹತ್ತು ನಿಮಿಷ ಆದ ಮೇಲೆ ಅಂಗೈ ಬಿಚ್ಚಿ ತೋರಿಸಿದಳು. ಎಸಳಿನ ಅಚ್ಚು ಕೆಂಪಗೆ ಮೂಡಿತ್ತು. “ಚೆನ್ನಾಗಿದೆ ಆಚಾರಣ್ಣ, ಆದ್ರೆ ಗಟ್ಟಿ ಹಿಡಿದ್ರೆ ಚುಚ್ಚುತ್ತೆ” ಅಂದಳು. ಅಷ್ಟರಲ್ಲಿ ಸುಬೇದಾರರು ಬೆಂಚಿನಿಂದ ಏನೋ ಹೆಕ್ಕಿದರು. ಗೋಧಿ ಕಾಳಿನಷ್ಟು ಮರ. ಒಂದು ಎಸಳಿನ ತುದಿ.

ಅಂಟು ಹಾಕಿ ಕೂರಿಸಿದೆ. ಮಾರನೇ ದಿನ ನಾನೇ ಹಿಡಿದು ನೋಡಿದಾಗ ಇನ್ನೊಂದು ಎಸಳು ಹೋಯಿತು.

ಸಾಗರದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಗುಡಿಗಾರ. ಸಾಗರ, ಸೊರಬ, ಸಿರಸಿ ಕಡೆಯ ಗುಡಿಗಾರರ ಗಂಧದ ಕೆತ್ತನೆ ಗೊತ್ತಿಲ್ಲದವರು ಕಡಿಮೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಡನ್ನೇ ತುಂಬಿಸಿಬಿಡುತ್ತಾರೆ. ಅವನಿಗೆ ಫೋಟೋ ಕಳಿಸಿದೆ. ಸಂಜೆ ಫೋನ್ ಮಾಡಿದ.

“ಹೂವಿಗೆ ಏನೂ ಹೇಳೋಕಿಲ್ಲ ಮಾರಾಯ. ನಾನು ಮಾಡಿದ್ರೂ ಹೀಗೇ ಮಾಡ್ತಿದ್ದೆ. ಆದ್ರೆ ನಾನು ಮಾಡೋದು ಪೆಟ್ಟಿಗೆ. ಅದನ್ನ ಯಾರೂ ಮುಷ್ಟಿಯಲ್ಲಿ ಹಿಂಡೋದಿಲ್ಲ. ನೀನು ಎಸಳಿನ ತುದಿ ಎಳೆಗೆ ಅಡ್ಡ ಬಿಟ್ಟಿದ್ದೀಯ, ಅಡಿನೂ ಖಾಲಿ ಮಾಡಿದ್ದೀಯ. ಅದು ಯಾವುದನ್ನ ಹಿಡ್ಕೊಂಡು ನಿಲ್ಲಬೇಕು ಹೇಳು?”

ಕತ್ತು ದುಂಡಗಿನ ಜಾಗ. ಎಳೆ ಉದ್ದಕ್ಕೆ ಹೋದರೆ ಎಸಳು ಸುತ್ತಲೂ ಚಾಚುತ್ತದೆ. ಅಂದರೆ ಅರ್ಧಕ್ಕರ್ಧ ಎಸಳು ಎಳೆಗೆ ಅಡ್ಡ. ಅಲ್ಲಿ ತುದಿಯನ್ನು ಹಿಡಿದಿಡಲು ಉದ್ದನೆಯ ಒಂದು ಎಳೆಯೂ ಇರುವುದಿಲ್ಲ. ತಪ್ಪು ಮರದ್ದಲ್ಲ. ಕಾಶ್ಮೀರದವರು ಇದೇ ಅಕ್ರೋಟಿನಲ್ಲಿ ಚಿನಾರ್ ಎಲೆಗಳನ್ನು ಎಷ್ಟು ಆಳಕ್ಕೆ ಕೆತ್ತುತ್ತಾರೆ! ಅದು ಟೇಬಲ್ಲಿನ ಮೇಲೆ, ಚೌಕಟ್ಟಿನ ಮೇಲೆ. ನಾನು ಹೂವಿಗೆ ಕಣ್ಣು ಹೋಗುವ ಜಾಗ ಕೊಟ್ಟೆ. ಅದು ಕೈಯ ಜಾಗ.

ಸುಬೇದಾರರಿಗೆ ಹೇಳುವುದು ಕಷ್ಟ ಆಯಿತು. ಆ ವರ್ಷದ ಕೈಲ್‌ಪೊಳ್ದ್‌ಗೆ ಕೋವಿ ಸಿಗುವುದಿಲ್ಲ ಅಂದಾಗ ಅವರು ಬೈಯಲಿಲ್ಲ. ಚಹಾ ಕುಡಿಯದೆ ಎದ್ದು ಹೋದರು. ಹಳೆಯ ಮುರಿದ ಸ್ಟಾಕನ್ನೇ ಅಂಟಿಸಿ, ಪೂಜೆಗೆ ಇಡುವ ಹಾಗೆ ಮಾಡಿಕೊಟ್ಟೆ.

ಹೊಸ ಹಲಗೆ ನನ್ನ ಹತ್ತಿರ ಇರಲಿಲ್ಲ. ಇದ್ದದ್ದನ್ನೇ ಉಳಿಸಬೇಕಿತ್ತು. ಕತ್ತಿನ ಸುತ್ತ ಕೆತ್ತನೆಯ ಆಳದಷ್ಟು, ಅಂದರೆ ಒಂದು ನೂಲು, ತೆಗೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ಸುತ್ತಳತೆ ಮುಕ್ಕಾಲು ಇಂಚಿಗಿಂತ ಒಂದಿಷ್ಟು ಜಾಸ್ತಿ ಇಳಿಯುತ್ತದೆ, ನಾಲ್ಕೂವರೆ ಇಂಚಿನ ಹತ್ತಿರಕ್ಕೆ ಬರುತ್ತದೆ. ಬಲದ ದೃಷ್ಟಿಯಿಂದ ಅದಕ್ಕಿಂತ ಕೆಳಗೆ ನಾನು ಹೋಗಲಾರೆ. ಆದರೆ .22ರ ಒದೆತ ತೀರಾ ಕಡಿಮೆ, ಎಳೆಯೂ ನೇರ ಇದೆ. ಅವಳನ್ನು ಕರೆಸಿ, ಅಷ್ಟೇ ಸುತ್ತಳತೆಯ ಒಂದು ಕೋಲು ಕೈಗೆ ಕೊಟ್ಟೆ. ಹೆಬ್ಬೆರಳು ಸುತ್ತಿ ಬಂದು ನಡುಬೆರಳಿಗೆ ತಾಗಿತು. “ಇದೇ ಅಳತೆ” ಅಂದಳು. ಮೊದಲ ದಿನವೇ ಈ ಕೋಲು ಕೊಟ್ಟಿದ್ದರೆ ಹದಿನಾಲ್ಕು ದಿನದ ಹೂವು ಅರದ ಪುಡಿಯಾಗುತ್ತಿರಲಿಲ್ಲ. ಒಂದು ಮಧ್ಯಾಹ್ನದಲ್ಲಿ ಎಲ್ಲ ಅರೆದು ತೆಗೆದೆ.

ಹೂವಿಗೆ ಸಿಕ್ಕ ಜಾಗ

ಈ ಸಲ ಕೋವಿಯನ್ನು ಅವಳ ಕೈಯಲ್ಲಿ ಕೊಟ್ಟು, ಸೀಮೆಸುಣ್ಣ ಹಿಡಿದು ಸುತ್ತ ಓಡಾಡಿದೆ. ಕೈ ತಾಗುವಲ್ಲೆಲ್ಲ ಗುರುತು. ಕೆನ್ನೆ ತಾಗುವಲ್ಲಿ ಗುರುತು. ಭುಜಕ್ಕೆ ಒರಗುವಲ್ಲಿ ಗುರುತು. ಅವಳು ಬಲಗೈಯವಳು, ಕೆನ್ನೆ ಬಟ್ಟಿನ ಎಡಬದಿಗೆ ಬರುತ್ತದೆ. ಸುಣ್ಣ ಬೀಳದೆ ಉಳಿದದ್ದು ಬಟ್ಟಿನ ಬಲಬದಿ. ಅಲ್ಲಿ ಮರ ದಪ್ಪ, ಮೈ ಹೆಚ್ಚು ಕಡಿಮೆ ಚಪ್ಪಟೆ, ಏನೂ ತಾಗುವುದಿಲ್ಲ. ಕವಲಿನ ಗರಿ ಇದ್ದದ್ದೂ ಅದರ ಹಿಂತುದಿಯಲ್ಲೇ. ಗರಿಯ ಮೇಲೆ ಕೆತ್ತಿದರೆ ಎರಡೂ ಹಾಳು. ಅದನ್ನು ಬಿಟ್ಟು, ಅದರ ಮುಂದೆ ಒಂದೇ ಒಂದು ಹೂವು, ಒಂದು ಮೊಗ್ಗು, ಎರಡು ಎಲೆ.

ಆಳ ಅರ್ಧ ನೂಲು. ಅಡಿ ಖಾಲಿ ಮಾಡಲಿಲ್ಲ. ಎಸಳಿನ ಅಂಚು ಇಳಿಜಾರಾಗಿ ಮರಕ್ಕೆ ಸೇರಿಕೊಳ್ಳುತ್ತದೆ. ಉದ್ದನೆಯ ನಾಲ್ಕು ಎಸಳನ್ನು ಎಳೆಯ ದಿಕ್ಕಿಗೇ ಓಡಿಸಿ, ಅಡ್ಡ ಬರುವ ಎರಡನ್ನು ಮಡಚಿ ಗಿಡ್ಡ ಮಾಡಿದೆ. ಹೂವಿನ ಸುತ್ತಲಿನ ನೆಲವನ್ನು ಚುಕ್ಕೆ ಚುಕ್ಕೆಯಾಗಿ ಒತ್ತಿದೆ. ಇದಕ್ಕೆ ಅಂಗಡಿಯ ಉಪಕರಣ ಬೇಕಿಲ್ಲ. ದಪ್ಪ ಮೊಳೆಯ ತುದಿಯನ್ನು ದುಂಡಗೆ ಅರೆದು, ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಸಾಕು. ಚುಕ್ಕೆ ಬಿದ್ದ ನೆಲ ಎಣ್ಣೆ ಹೀರಿ ಕಪ್ಪಾಗುತ್ತದೆ, ಹೂವು ತಿಳಿಯಾಗಿ ಮೇಲೆ ನಿಲ್ಲುತ್ತದೆ. ಅರ್ಧ ನೂಲಿನ ಕೆತ್ತನೆ ಒಂದು ನೂಲಿನಷ್ಟು ಆಳ ಕಾಣುತ್ತದೆ.

ಮೈಸೂರಿನ ಕುಸುರಿಯ ಹಾಗೆ ಬೇರೆ ಬಣ್ಣದ ಮರ ಸೇರಿಸಿ ಎಸಳು ಕೆಂಪು ಮಾಡಬಹುದಾ ಅಂತ ಸುಬೇದಾರರು ಕೇಳಿದ್ದರು. ನಮ್ಮ ಮಳೆಯಲ್ಲಿ ಒಂದೊಂದು ಜಾತಿಯ ಮರ ಒಂದೊಂದು ರೀತಿ ಊದುತ್ತದೆ, ಚಿಕ್ಕ ಚಿಕ್ಕ ತುಂಡು ಅಂಚಿನಲ್ಲಿ ಎದ್ದು ಬರುತ್ತವೆ ಅಂತ ಬೇಡ ಅಂದೆ. ಬದಲಿಗೆ ಬಟ್ಟಿನ ಕೆಳಗಂಚಿನಲ್ಲಿ ಅಂಗುಲದಷ್ಟು ಬೆಳ್ಳಿಯ ಮೊಟ್ಟೆಯಾಕಾರದ ತಗಡು ಕೂರಿಸಿ, ಅದರಲ್ಲಿ ಮನೆತನದ ಹೆಸರಿನ ಮೊದಲ ಅಕ್ಷರ ಕನ್ನಡದಲ್ಲಿ ಕೊರೆಸಿದೆವು.

ಗೆರೆಯ ಕೆಲಸ

ಕತ್ತಿನ ಮೇಲೆ ಹೂವಿನ ಬದಲು ಬಂದದ್ದು ಗೆರೆ. ಚೆಕರಿಂಗ್ ಅನ್ನುತ್ತಾರೆ. ಎರಡು ದಿಕ್ಕಿಗೆ ಸಾಲು ಸಾಲು ಗೆರೆ ಕೊರೆದರೆ ನಡುವೆ ಚೂಪಾದ ವಜ್ರದಾಕಾರದ ಹರಳುಗಳು ಏಳುತ್ತವೆ. ಬೆವರಿದ ಕೈ, ಮಳೆಯಲ್ಲಿ ನೆನೆದ ಕೈ ಜಾರದಂತೆ ಹಿಡಿದುಕೊಳ್ಳುವುದು ಈ ಹರಳು. ಸ್ಟಾಕಿನ ಅಲಂಕಾರದಲ್ಲಿ ನನಗೆ ಅತಿ ಪ್ರೀತಿಯದ್ದು ಇದೇ, ಯಾಕೆಂದರೆ ಇದು ಕೈಗೆ ಬೇಕಾಗಿ ಹುಟ್ಟಿ ಆಮೇಲೆ ಕಣ್ಣಿಗೆ ಚೆಂದವಾಗಿದ್ದು. ಅಮೆರಿಕದ ವಿಂಚೆಸ್ಟರ್ ಕಂಪನಿ 1964ರಲ್ಲಿ ತನ್ನ ಮಾಡೆಲ್ 70 ರೈಫಲಿಗೆ ಕೊರೆಯುವುದನ್ನು ಬಿಟ್ಟು, ಬಿಸಿ ಅಚ್ಚು ಒತ್ತಿ ವಿನ್ಯಾಸ ಮೂಡಿಸತೊಡಗಿತು. ದೂರದಿಂದ ನೋಡಿದರೆ ಅದೇ ವಿನ್ಯಾಸ, ಆದರೆ ಹರಳು ಮೇಲೆ ಏಳುವ ಬದಲು ಒಳಗೆ ತಗ್ಗಿತ್ತು. ಕೈಗೆ ಹಿಡಿತ ಸಿಗಲಿಲ್ಲ. ಕೊಂಡವರು ಅದನ್ನು ಮೆಚ್ಚಲಿಲ್ಲ.

ಇಂಚಿಗೆ 22 ಗೆರೆ ಆರಿಸಿಕೊಂಡೆ. ಇಂಚಿಗೆ 32 ಗೆರೆ ಹಾಕುವವರೂ ಇದ್ದಾರೆ, ನೋಡಲು ರೇಷ್ಮೆ ಬಟ್ಟೆಯ ಹಾಗಿರುತ್ತದೆ. ಆದರೆ ತೋಟದ ಮಣ್ಣು, ಕೈಯ ಎಣ್ಣೆ ಸೇರಿ ಅಷ್ಟು ಸಣ್ಣ ಗೆರೆ ಬೇಗ ತುಂಬಿಕೊಳ್ಳುತ್ತದೆ. 22ರಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹರಳಿನ ಉದ್ದ ಅಗಲದ ಮೂರರಷ್ಟು ಇಟ್ಟೆ. ಅದಕ್ಕಿಂತ ಗಿಡ್ಡ ಆದರೆ ಚೌಕದ ಹಾಗೆ ಕಾಣುತ್ತದೆ, ಹೆಣಿಗೆಯ ಓಟ ಹೋಗಿಬಿಡುತ್ತದೆ.

ಮೊದಲು ಎರಡು ತಾಯಿಗೆರೆ ಹಾಕಬೇಕು, ಒಂದನ್ನೊಂದು ಕತ್ತರಿಸುವ ಹಾಗೆ. ದುಂಡಗಿನ ಮೈಮೇಲೆ ಗೆರೆ ನೇರ ಹಾಕುವುದಕ್ಕೂ ಅದೇ ಎಕ್ಸ್‌ರೇ ಹಾಳೆಯ ಪಟ್ಟಿ, ಬಾಗುತ್ತದೆ ಆದರೆ ಅಡ್ಡಕ್ಕೆ ಸೊಟ್ಟಗಾಗುವುದಿಲ್ಲ. ಆಮೇಲೆ ಎರಡು ಸಾಲಿನ ಹಲ್ಲಿರುವ ಕಟರ್. ಅದರ ಒಂದು ಸಾಲು ಆಗಲೇ ಕೊರೆದ ಗೆರೆಯಲ್ಲಿ ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ಹೊಸ ಗೆರೆ ಹಾಕುತ್ತದೆ. ಪ್ರತಿ ಗೆರೆಯೂ ಹಿಂದಿನ ಗೆರೆಯ ನಕಲು. ಹಿಂದಿನದರಲ್ಲಿ ತಪ್ಪಿದ್ದರೆ ಅದೂ ನಕಲಾಗುತ್ತದೆ. ಕೈ ಒಂದೇ ಕಡೆ ಕೂದಲೆಳೆ ವಾಲಿದರೆ, ಮೂವತ್ತು ಗೆರೆ ದಾಟುವಷ್ಟರಲ್ಲಿ ಅರ್ಧ ಮಿಲಿಮೀಟರ್ ಜರುಗಿರುತ್ತದೆ.

ನನಗೂ ಹಾಗೇ ಆಯಿತು. ಎಡಬದಿಯ ಫಲಕದಲ್ಲಿ ನಡುವಿನ ಹರಳು ಚೆನ್ನಾಗಿದ್ದವು, ಕೆಳಗಿನ ಮೂಲೆಯ ಹತ್ತಿರ ಇಕ್ಕಟ್ಟಾಗಿದ್ದವು. ಬೆಳಕಿಗೆ ಎದುರಾಗಿ ಹಿಡಿದು ಗೆರೆಯ ಉದ್ದಕ್ಕೂ ಒಂದು ಕಣ್ಣಿನಲ್ಲಿ ನೋಡಿದಾಗಲೇ ಗೊತ್ತಾಗಿದ್ದು. ಪುಣ್ಯಕ್ಕೆ ಗೆರೆ ಇನ್ನೂ ಪೂರ್ತಿ ಆಳಕ್ಕೆ ಹೋಗಿರಲಿಲ್ಲ. ಮೊದಲ ಸುತ್ತಿನಲ್ಲಿ ಗೀಚಿದಷ್ಟೇ ಕೊರೆಯಬೇಕು ಅನ್ನುವುದು ಇದಕ್ಕೇ. ಒಂದೇ ಗೆರೆಯ ಕಟರ್ ಹಿಡಿದು, ವಾಲಿದ ಗೆರೆಗಳನ್ನು ಒಂದು ಬದಿಗೆ ಒತ್ತಿ ಕೊರೆಯುತ್ತಾ, ಒಂದೊಂದು ಗೆರೆಗೆ ಒಂದಿಷ್ಟು ತಪ್ಪು ಹಂಚಿದೆ. ಮೂರು ದಿನ ಇದೇ ಆಯಿತು. ಈಗ ನೋಡಿದರೆ ನನಗೆ ಮಾತ್ರ ಕಾಣುತ್ತದೆ.

ಫಲಕದ ಅಂಚಿನಲ್ಲಿ ಬಾರ್ಡರ್ ಗೆರೆ ಹಾಕಲಿಲ್ಲ. ಬಾರ್ಡರ್ ಇದ್ದರೆ ಅಂಚು ದಾಟಿ ಓಡಿದ ಗೀರುಗಳನ್ನು ಮುಚ್ಚಬಹುದು. ಇಲ್ಲದಿದ್ದರೆ ಪ್ರತಿ ಗೆರೆಯೂ ಅಂಚಿಗೆ ಬಂದು ಅಲ್ಲೇ ನಿಲ್ಲಬೇಕು. ಕೊನೆಯ ಎರಡು ಮಿಲಿಮೀಟರಿಗೆ ಕಟರ್ ಹೋಗುವುದಿಲ್ಲ. ಅದಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಸವೆದ ಕೊಕ್ಕೆಯೊಂದನ್ನು ಕೇಳಿ ತಂದು ಅರೆದಿಟ್ಟುಕೊಂಡಿದ್ದೇನೆ, ಅದರಿಂದ ಕೆರೆಯುವುದು. ಕತ್ತಿಗೆ ಎರಡು ಫಲಕ, ಮುಂದಿನ ಮರಕ್ಕೆ ಸುತ್ತಿ ಬರುವ ಒಂದು. ಎಲ್ಲ ಸೇರಿ ಹತ್ತೊಂಬತ್ತು ದಿನ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಮಾಡಲಿಲ್ಲ, ಕಣ್ಣು ದಣಿದರೆ ಕೈ ಓಡುತ್ತದೆ.

ಎಣ್ಣೆ

ಎಣ್ಣೆ ಹಾಕುವುದು ಗೆರೆ ಕೊರೆಯುವ ಮೊದಲು. ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಣ್ಣ ನಾರುಗಳು ಏಳುತ್ತವೆ. ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ತೆಗೆಯಬೇಕು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ನೀರು ತಾಗಿದರೂ ನಾರು ಏಳಲಿಲ್ಲ. ಆಮೇಲೆ ಕುದಿಸಿದ ಅಗಸೆ ಎಣ್ಣೆ. ಇಂಗ್ಲೆಂಡಿನ ಹಳೆ ಕೋವಿಗಳ ಕೆಂಪು ಛಾಯೆ ಆಲ್ಕನೆಟ್ ಅನ್ನುವ ಬೇರನ್ನು ಎಣ್ಣೆಯಲ್ಲಿ ನೆನೆಸಿದ್ದರಿಂದ ಬರುತ್ತದೆ. ನಾನು ಬಳಸಿದ್ದು ಅದೇ ಕುಟುಂಬದ ರತನ್‌ಜೋತ್, ಅಡುಗೆಗೆ ಕೆಂಪು ಬಣ್ಣ ಬರಲು ಉತ್ತರದವರು ಹಾಕುತ್ತಾರಲ್ಲ, ಅದು. ಮೊದಲ ಎರಡು ಪದರಕ್ಕೆ ಮಾತ್ರ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಮರ ಬಿಸಿಯಾಗುವವರೆಗೆ ತಿಕ್ಕಬೇಕು. ಒಟ್ಟು ಹದಿನೈದು ಪದರ. ಫೆಬ್ರವರಿಯಲ್ಲಿ ಒಂದು ದಿನಕ್ಕೆ ಒಣಗುವ ಪದರ ಮಳೆಗಾಲದಲ್ಲಿ ಮೂರು ದಿನ ತೆಗೆದುಕೊಳ್ಳುತ್ತದೆ. ಗೆರೆ ಮುಗಿದ ಮೇಲೆ ಅದಕ್ಕೆ ತೆಳು ಎಣ್ಣೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಒಂದೇ ಸಲ ಹಚ್ಚಿದೆ.

ಈ ಕೆಲಸಕ್ಕೆ ಕೈ ಹಾಕುವವರು ಒಂದು ಮಾತು ನೆನಪಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಒಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದು. ನಾನು ಹೊರಗೆ ತಂತಿಯ ಮೇಲೆ ಬಿಡಿಸಿ ಹಾಕುತ್ತೇನೆ.

ಕೈಲ್‌ಪೊಳ್ದ್, ಮತ್ತೆ ಮುಂದಿನ ಮಳೆ

ಮುಂದಿನ ಆಗಸ್ಟಿನಲ್ಲಿ ಕೋವಿ ಅವರ ಮನೆ ಸೇರಿತು. ಹಬ್ಬದ ದಿನ ನನ್ನನ್ನೂ ಕರೆದರು. ಕನ್ನಿಕೊಂಬರೆಯಲ್ಲಿ ನಾಲ್ಕು ಕೋವಿ ಗೋಡೆಗೆ ಒರಗಿದ್ದವು. ಹೊಸದನ್ನು ಸುಬೇದಾರರು ಬಲಬದಿ ಹೊರಗೆ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದರು. ನಳಿಗೆಯಲ್ಲಿ ಬೇಲಿಯ ತೋಕ್‌ಪೂ, ಕೆಳಗೆ ಬಟ್ಟಿನಲ್ಲಿ ಮರದ ತೋಕ್‌ಪೂ. ಊಟಕ್ಕೆ ಅಕ್ಕಿ ಉಂಡೆಯ ಕಡಂಬುಟ್ಟು, ಹಂದಿ ಮಾಂಸದ ಪಂದಿಕರಿ. ಸುಬೇದಾರರು ತಾವೇ ಬಡಿಸಿದರು.

ಮಧ್ಯಾಹ್ನ ಮೈದಾನದಲ್ಲಿ ಅವಳ ಮೊದಲ ಎರಡು ಗುಂಡು ತಪ್ಪಿದವು. ಮೂರನೆಯದು ಕಾಯಿಯ ಅಂಚಿಗೆ ತಾಗಿ ಸಿಪ್ಪೆ ಹಾರಿತು. ಅಷ್ಟೇ. ಬಹುಮಾನ ಬೇರೆಯವರಿಗೆ ಹೋಯಿತು. ನಾನು ಕಾಯಿ ನೋಡುತ್ತಿರಲಿಲ್ಲ, ಅವಳ ಬಲಗೈ ನೋಡುತ್ತಿದ್ದೆ. ತುಂತುರು ಮಳೆ ಬೀಳುತ್ತಿತ್ತು. ಮೂರು ಸಲವೂ ಕೈ ಒಂದೇ ಜಾಗಕ್ಕೆ ಹೋಗಿ ಕೂತಿತು, ಸರಿಪಡಿಸಿಕೊಳ್ಳಲಿಲ್ಲ. ಇಳಿಸಿದ ಮೇಲೆ ಅಂಗೈ ತೋರಿಸು ಅಂದೆ. ಹರಳಿನ ಸಣ್ಣ ಅಚ್ಚು ಇತ್ತು, ಕೆಂಪಾಗಿರಲಿಲ್ಲ.

ಮೊನ್ನೆ ಅಕ್ಟೋಬರಿನಲ್ಲಿ ಎಣ್ಣೆ ಹಾಕಿಸಲು ತಂದಿದ್ದಳು. ಎರಡು ಮಳೆಗಾಲ ಕಳೆದಿದೆ. ಕತ್ತಿನಲ್ಲಿ ಬಿರುಕಿಲ್ಲ. ಹೂವಿನ ಆರು ಎಸಳೂ ಇವೆ. ಬೆಳ್ಳಿ ತಗಡಿನ ಸುತ್ತ ಉಗುರು ಎಳೆದು ನೋಡಿದೆ. ಒಂದು ಬದಿಯಲ್ಲಿ ಮರ ಊದಿ, ಉಗುರು ಸಿಕ್ಕಿಕೊಂಡಿತು. ಈಗ ತೆಗೆದರೆ ಬೇಸಿಗೆಯಲ್ಲಿ ಅಲ್ಲಿ ಸಂದಿ ಬೀಳುತ್ತದೆ. ಜನವರಿಯಲ್ಲಿ ಮರ ಒಣಗಿದ ಮೇಲೆ ತನ್ನಿ, ನೋಡೋಣ ಅಂತ ಹೇಳಿ ಕಳಿಸಿದ್ದೇನೆ.